ಗಂಜಿ, ಚಹಾ ಮತ್ತು ಮಳೆಯ ಮಾತು

ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣೆದುರು ನಿಲ್ಲುವುದು ಅರಸರು, ಕಾಳಗಗಳು, ಕೋಟೆಕೊತ್ತಲಗಳು. ಆ ಅರಸರ ಕಾಲದಲ್ಲಿ ಹೊಲದಿಂದ ದಣಿದು ಬಂದ ಒಕ್ಕಲಿಗನು ಏನನ್ನು ಕುಡಿದನು, ಯಾವ ಹೊತ್ತಿಗೆ ಉಂಡನು, ಜಗಲಿಯ ಮೇಲೆ ಕುಳಿತು ಗೆಳೆಯನೊಡನೆ ಏನು ಮಾತನಾಡಿದನು ಎಂದು ನಾವು ಕೇಳುವುದು ಅಪರೂಪ. ಕೇಳಿದರೆ ಬಡವನ ಮನೆಯ ಬಟ್ಟಲಿನಲ್ಲಿಯೂ ಶತಮಾನಗಳ ಚರಿತ್ರೆ ಕಾಣಸಿಗುವುದು. ಮೊಲೆಂ ಗ್ರಾಮವನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸೋಣ.

ಈ ವಿಚಾರ ನಮಗೆ ಹೊಳೆದುದು ತರಗತಿಯಲ್ಲಿ. ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲಿ ಏನೇನು ಕುಡಿಯುತ್ತೀರಿ, ಐದು ಸಾಲು ಬರೆಯಿರಿ ಎಂದು ಮಕ್ಕಳಿಗೆ ಹೇಳಿದ್ದೆವು. ಒಬ್ಬ ಹುಡುಗನು ‘ಗಂಜಿ’ ಎಂದು ಬರೆದನು. ಪಕ್ಕದವನು ನೋಡಿ ನಕ್ಕನು. ಕೂಡಲೇ ಅದನ್ನು ಅಳಿಸಿ ‘ಟೀ’ ಎಂದು ತಿದ್ದಿದನು. ನಾವು ಆಗ ಏನೂ ಹೇಳಲಿಲ್ಲ. ಅಂದು ಹೇಳಬೇಕಾಗಿದ್ದುದನ್ನು ಇಂದು ಇಲ್ಲಿ ಬರೆಯುತ್ತಿದ್ದೇವೆ.

ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿಯು ಅನಮೋಡ ಘಟ್ಟವನ್ನಿಳಿದು ಬರುವಲ್ಲಿ ಮೊಲೆಂ ಇದೆ. ಸುತ್ತಲೂ ಭಗವಾನ್ ಮಹಾವೀರ ಅಭಯಾರಣ್ಯ. ಅನತಿದೂರದಲ್ಲಿ ಕುಳೆಂ ರೈಲು ನಿಲ್ದಾಣ ಮತ್ತು ದೂಧಸಾಗರದ ಜಲಪಾತ. ಇನ್ನೊಂದು ಕಡೆ ತಾಂಬಡಿ ಸುರ್ಲಾದಲ್ಲಿ ಕದಂಬರ ಕಾಲದ ಮಹಾದೇವ ದೇವಾಲಯ. ಗೋವೆಯನ್ನಾಳಿದ ಆ ಕದಂಬರು ಕನ್ನಡದಲ್ಲಿಯೂ ಶಾಸನಗಳನ್ನು ಬರೆಯಿಸಿದರು. ಆದುದರಿಂದ ಘಟ್ಟದ ಮೇಲಿನವರೂ ಕೆಳಗಿನವರೂ ಒಬ್ಬರಿಗೊಬ್ಬರು ಹೊಸಬರಲ್ಲ.

ಆದರೂ ಅವರ ಬಟ್ಟಲುಗಳು ಬೇರೆ. ಇದಕ್ಕೆ ಕಾರಣ ಮಳೆ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಯನ್ನು ಏರುವಾಗ ತಣಿದು ತಮ್ಮ ಭಾರವನ್ನು ಇತ್ತಲೇ ಇಳಿಸುತ್ತವೆ. ಗೋವೆಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಘಟ್ಟದ ಬುಡದಲ್ಲಿ ಅದಕ್ಕೂ ಹೆಚ್ಚು. ಅತ್ತ ಧಾರವಾಡಕ್ಕೆ ದೊರೆಯುವುದು ಸುಮಾರು 800. ಆದುದರಿಂದ ಅಲ್ಲಿ ಜೋಳ, ಇಲ್ಲಿ ಭತ್ತ. ಅಲ್ಲಿ ಅಂಬಲಿ, ಇಲ್ಲಿ ಗಂಜಿ.

ಗಂಜಿಗೆ ಕೊಂಕಣಿಯಲ್ಲಿ ‘ಪೇಜ’ ಎನ್ನುವರು. ಮುಂಜಾನೆ ಗದ್ದೆಗಿಳಿದವರು ಹತ್ತು-ಹನ್ನೊಂದು ಗಂಟೆಯ ಹೊತ್ತಿಗೆ ಕುಚ್ಚಲಕ್ಕಿಯ ಗಂಜಿಯನ್ನು ಉಪ್ಪಿನಕಾಯಿಯೊಡನೆಯೋ ಒಣಮೀನಿನೊಡನೆಯೋ ಉಣ್ಣುವುದು ಇಲ್ಲಿಯ ರೂಢಿ. ಹಸಿವು, ಬಾಯಾರಿಕೆ, ಬೆವರಿನೊಡನೆ ಹೋದ ಉಪ್ಪು, ಈ ಮೂರಕ್ಕೂ ಅದೊಂದೇ ಮದ್ದು. ಮಧ್ಯಾಹ್ನ ಅನ್ನ, ಸಾರು. ಅನಂತರ ತುಸು ನಿದ್ದೆ. ಬೇಸಗೆಯ ಕೊನೆಗೆ ಮುರುಗಲ ಹಣ್ಣು ಮಾಗುತ್ತದೆ. ಮಳೆ ಹಿಡಿಯುವ ಮೊದಲೇ ಅದರ ಸಿಪ್ಪೆಯನ್ನು ಒಣಗಿಸಿ ಇಟ್ಟುಕೊಂಡರೆ ವರ್ಷವಿಡೀ ಕಡಿಗೆ ಸಾಕಾಗುತ್ತದೆ. ಹೀಗೆ ಮುಗಿಲು ನೋಡಿ ಅಡಿಗೆಮನೆಯ ಕೆಲಸ ನಡೆಯುವುದು.

ಪೋರ್ತುಗೀಜರು 1510ರಲ್ಲಿ ಗೋವೆಯ ಪಟ್ಟಣವನ್ನು ಗೆದ್ದರು. ಘಟ್ಟದ ಬುಡದ ಈ ಸೀಮೆ ಅವರ ಕೈಸೇರಿದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಅವರು ಬ್ರೆಜಿಲಿನಿಂದ ತಂದ ಗೇರು ಅವರಿಗಿಂತ ಆಳವಾಗಿ ಇಲ್ಲಿ ಬೇರೂರಿತು. ಗೇರುಹಣ್ಣಿನ ರಸವನ್ನು ಹುಳಿಯಿಸಿ ಒಮ್ಮೆ ಭಟ್ಟಿಯಿಳಿಸಿದರೆ ಉರಾಕ್. ಮತ್ತೊಮ್ಮೆ ಇಳಿಸಿದರೆ ಫೆಣಿ. 1949ರ ಕಾಯಿದೆಯಿಂದ ಮುಂಬಯಿ ಪ್ರಾಂತದಲ್ಲಿ ಪಾನನಿರೋಧ ಬಂದಿತು. ಬೆಳಗಾವಿ, ಧಾರವಾಡ, ಕಾರವಾರಗಳು ಅಂದು ಆ ಪ್ರಾಂತದಲ್ಲಿದ್ದುದರಿಂದ ಘಟ್ಟದ ಮೇಲೆ ಕುಡಿತ ಅಪರಾಧವಾಯಿತು. ಕೆಳಗೆ ಅದು ವ್ಯಾಪಾರವಾಗಿಯೇ ಉಳಿಯಿತು. 2009ರಲ್ಲಿ ಗೋವೆಯ ಗೇರು ಫೆಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಮಾನ್ಯತೆಯೇ ಬೇರೆ, ಮನೆವಾರ್ತೆಯೇ ಬೇರೆ. ತಂದೆಯ ದಿನಗೂಲಿಯ ಅರ್ಧಭಾಗ ಬಾಟಲಿಗೆ ಹೋದ ಮರುದಿನ ಮಗು ನೋಟುಪುಸ್ತಕವಿಲ್ಲದೆ ಶಾಲೆಗೆ ಬರುವುದನ್ನು ಕಂಡ ನಾವು, ಇದನ್ನು ಬರಿಯ ಚರಿತ್ರೆಯೆಂದು ಬರೆದು ಮುಂದೆ ಸಾಗಲಾರೆವು.

ಇನ್ನು ಚಹಾ. ಚೀನದ ‘ಚಾ’ ಎಂಬ ಮಾತನ್ನು ಪೋರ್ತುಗೀಜರು ಹಾಗೆಯೇ ಇಟ್ಟುಕೊಂಡರು. ನಮ್ಮ ‘ಚಹಾ’ ಕೂಡ ಅದೇ ಮೂಲದ್ದು. ಚೀನದ ಇನ್ನೊಂದು ಪ್ರಾಂತದ ‘ತೆ’ ಎಂಬ ಉಚ್ಚಾರವು ಡಚ್ಚರ ಹಡಗುಗಳಲ್ಲಿ ಯೂರೋಪಿಗೆ ಹೋಗಿ, ಇಂಗ್ಲಿಷರ ಬಾಯಲ್ಲಿ ‘ಟೀ’ ಆಗಿ ನಮ್ಮಲ್ಲಿಗೆ ಬಂದಿತು. ಅಸ್ಸಾಮಿನ ತೋಟಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಎದ್ದವು. ಆದರೂ ಸಾಮಾನ್ಯ ಭಾರತೀಯನು ಚಹಾ ಕುಡಿಯಲು ಕಲಿತುದು ಇಪ್ಪತ್ತನೆಯ ಶತಮಾನದಲ್ಲಿ; ವರ್ತಕರು ರೈಲು ನಿಲ್ದಾಣಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಪ್ರಚಾರ ಮಾಡಿ ಕಲಿಸಿದ ಮೇಲೆ.

ಚಹಾದ ಬಟ್ಟಲಿನಲ್ಲಿ ರಾಜಕಾರಣವೂ ಕದಡಿತು. 1955ರ ಆಗಸ್ಟ್ 15ರಂದು ಗೋವೆಯ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿದರು. ಭಾರತ ಸರಕಾರವು ಗಡಿಯನ್ನು ಮುಚ್ಚಿತು; ಕ್ಯಾಸಲ್ ರಾಕಿನಿಂದ ಕುಳೆಮಿಗೆ ಇಳಿಯುತ್ತಿದ್ದ ರೈಲೂ ನಿಂತಿತು. ಆಗ ಗೋವೆಗೆ ಬಟಾಟೆ ಹಾಲೆಂಡಿನಿಂದ ಬಂದಿತು, ಚಹಾ ಸಿಂಹಳದಿಂದ ಬಂದಿತು! ಜಗತ್ತಿಗೆಲ್ಲ ಚಹಾ ಕಳುಹಿಸುತ್ತಿದ್ದ ದೇಶದ ಮಗ್ಗುಲಲ್ಲಿಯೇ ಇದ್ದವರು ಕಡಲಾಚೆಯ ಚಹಾ ಕುಡಿಯಬೇಕಾಯಿತು. 1961ರ ಡಿಸೆಂಬರಿನಲ್ಲಿ ಭಾರತೀಯ ಸೇನೆಯ ಎರಡು ದಳಗಳು ಮೊಲೆಂನಲ್ಲಿ ಕೂಡಿ ಫೋಂಡಾದತ್ತ ನಡೆದುವು. 19ರಂದು ಗೋವೆ ವಿಮುಕ್ತವಾಯಿತು. ಘಟ್ಟದ ದಾರಿ ಮತ್ತೆ ತೆರೆಯಿತು.

ತೆರೆದ ದಾರಿಯಲ್ಲಿ ಧಾರವಾಡ, ವಿಜಾಪುರ, ಗದಗಗಳ ಕಡೆಯ ಜನರು ಗಣಿಗೆ, ರಸ್ತೆಗೆ, ಮನೆಕಟ್ಟುವ ಕೆಲಸಕ್ಕೆ ಇಳಿದು ಬಂದರು. ಚಹಾದಂಗಡಿಯ ಬೆಂಚಿನ ಮೇಲೆ ಇಬ್ಬರು ಗೆಳೆಯರು ಕೂಡಿದರೆ ಮೊದಲ ಪ್ರಶ್ನೆ ‘ಊಟಾ ಆತೇನು?’ ಎಂಬುದು, ಎರಡನೆಯದು ‘ಊರ ಕಡೆ ಮಳಿ ಹೆಂಗೈತಿ?’ ಎಂಬುದು. ಪಟ್ಟಣಿಗರಿಗೆ ಹವೆಯ ಮಾತು ಹೊತ್ತು ಕಳೆಯುವ ಮಾತು. ಇವರಿಗೆ ಅದು ಬಾಳಿನ ಮಾತು. ಜೂನ್ ಮೊದಲ ವಾರದ ಕೊನೆಗೆ ಹೂಡುವ ಮೃಗಶಿರ ಮಳೆಯನ್ನು ಕನ್ನಡಿಗರು ‘ಮಿರಗ’ ಎಂದರೆ ಕೊಂಕಣಿಗರು ‘ಮಿರ್ಗ’ ಎನ್ನುವರು. ಹೆಸರು ಒಂದೇ, ಫಲ ಬೇರೆ. ಇಲ್ಲಿ ಮಳೆ ಸುರಿದರೆ ಕೆಲಸ ನಿಂತು ಕೂಲಿಯಿಲ್ಲ. ಅಲ್ಲಿ ಮಳೆ ಬಾರದಿದ್ದರೆ ಬಿತ್ತನೆಯಿಲ್ಲ. ‘ಮಳೆ ಎಂದು ನಿಂತೀತು?’ ‘ಮಳೆ ಎಂದು ಬಂದೀತು?’ ಎಂಬ ಎರಡು ಚಿಂತೆಗಳನ್ನು ಒಬ್ಬನೇ ಮನುಷ್ಯನು ಒಂದು ಬಟ್ಟಲು ಚಹಾದೊಡನೆ ನುಂಗುತ್ತಾನೆ. ಆತನ ಮಕ್ಕಳೇ ನಮ್ಮ ಮುಂದೆ ಕುಳಿತಿರುವವರು.

ಈಗ ಆ ಹುಡುಗನ ಕಡೆಗೆ ತಿರುಗೋಣ. 1563ರಲ್ಲಿ ಗಾರ್ಸಿಯಾ ದ ಓರ್ತಾ ಎಂಬ ವೈದ್ಯನು ಈ ದೇಶದ ಔಷಧಿಗಳನ್ನು ಕುರಿತು ಒಂದು ಗ್ರಂಥವನ್ನು ರಚಿಸಿ ಗೋವೆಯಲ್ಲಿಯೇ ಅಚ್ಚು ಹಾಕಿಸಿದನು. ವಾಂತಿಭೇದಿಯಿಂದ ಬಳಲುವವರಿಗೆ ಮೆಣಸು, ಜೀರಿಗೆ ಬೆರೆಸಿದ ಅಕ್ಕಿಯ ತಿಳಿಯನ್ನು ಕೊಡುವರೆಂದು ಅದರಲ್ಲಿ ಬರೆದು, ಅದರ ಹೆಸರನ್ನೂ ಕೊಟ್ಟಿದ್ದಾನೆ. ಆ ಹೆಸರು ನಮ್ಮ ‘ಗಂಜಿ’ಯೇ. ದ್ರಾವಿಡ ನುಡಿಗಳ ಈ ಮಾತು ಪೋರ್ತುಗಾಲಿಗೂ ಪಯಣಿಸಿತು. ಇಂದಿಗೂ ಅಲ್ಲಿಯ ಜನರು ಅಕ್ಕಿ ಹಾಕಿದ ಕೋಳಿಸಾರನ್ನು ‘ಕಾಂಜ’ ಎಂದು ಕರೆಯುತ್ತಾರೆ. ನಾಲ್ಕೂವರೆ ಶತಮಾನಗಳ ಹಿಂದೆ ಗೋವೆಯ ಅಚ್ಚುಕೂಟದಲ್ಲಿ ಮುದ್ರಿತವಾದ ಮಾತನ್ನು ನಮ್ಮ ಹುಡುಗನು ನಾಚಿಕೆಯಿಂದ ಅಳಿಸಿದನು. ಅದರ ಜಾಗದಲ್ಲಿ, ಅವನ ಮುತ್ತಜ್ಜನು ಕೇಳಿದ್ದನೋ ಇಲ್ಲವೋ ಎಂಬಷ್ಟು ಹೊಸ ಮಾತನ್ನು ಬರೆದನು.

ಚಹಾ ಕುಡಿಯಬಾರದೆಂದು ನಾವು ಹೇಳುತ್ತಿಲ್ಲ. ಈ ಲೇಖನವನ್ನು ಬರೆಯುವಾಗಲೂ ಎರಡು ಬಟ್ಟಲು ಆಗಿವೆ. ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳು ತಮ್ಮ ಮನೆಯ ಊಟ, ಪಾನ, ಮಾತುಗಳನ್ನು ನಿಸ್ಸಂಕೋಚವಾಗಿ ಬರೆಯುವಂತೆ ಮಾಡಿರಿ. ನಕ್ಕವನಿಗೂ ಅಳಿಸಿದವನಿಗೂ ಆ ಮಾತಿನ ಚರಿತ್ರೆಯನ್ನು ಹೇಳಿರಿ. ನಾಳೆಯ ಪಾಠದಲ್ಲಿ ನಾವೂ ಆ ಹುಡುಗನನ್ನು ಕರೆದು, ಅಳಿಸಿದ ಸಾಲನ್ನು ಮತ್ತೆ ಹಲಗೆಯ ಮೇಲೆ ಬರೆಯಿಸಲಿದ್ದೇವೆ.