ಜೊತೆಗೆ ಬಂದವರು ಯಾರು?

ಕೆ.ಆರ್. ಪೇಟೆಯ ಬಸ್ ನಿಲ್ದಾಣದಲ್ಲಿ ಬೆಳಗಿನ ಜಾವದ ಬಸ್ಸು ಹತ್ತುವವರಲ್ಲಿ ಕೆಲವರ ಗುರುತು ತಟ್ಟನೆ ಸಿಗುತ್ತದೆ. ತಲೆಗೆ ಟವೆಲ್ ಸುತ್ತಿಕೊಂಡ ಗಂಡ, ಪಕ್ಕದಲ್ಲಿ ಹೆಂಡತಿ. ಆಕೆಯ ಕಂಕುಳಲ್ಲಿ ಆಸ್ಪತ್ರೆ ಫೈಲು, ಸ್ಕ್ಯಾನಿಂಗಿನ ಉದ್ದನೆಯ ಕವರು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು ಮತ್ತು ಮೊಸರನ್ನದ ಡಬ್ಬಿ. ಮೈಸೂರೋ ಮಂಡ್ಯವೋ ಬೆಂಗಳೂರೋ, ಆಸ್ಪತ್ರೆಯ ಕೌಂಟರು ತಲುಪಿದಾಗ ಅವರಿಗೆ ಎದುರಾಗುವ ಮೊದಲ ಪ್ರಶ್ನೆಗಳಲ್ಲಿ ಒಂದು: 'ಜೊತೆಗೆ ಯಾರು ಬಂದಿದ್ದೀರಿ?' ಸಹಿ ಹಾಕುವವರು, ಔಷಧಿ ತರುವವರು, ಬಿಲ್ಲು ಕಟ್ಟುವವರು ಯಾರು ಎಂದಷ್ಟೇ ಅದರ ಅರ್ಥ. ಜೊತೆಗೆ ಬಂದವರು ರಾತ್ರಿ ನಿದ್ದೆ ಮಾಡಿದ್ದಾರೆಯೇ, ಅವರ ಎದೆಯೊಳಗೆ ಏನು ನಡೆಯುತ್ತಿದೆ ಎಂದು ಕೇಳುವ ವಿದ್ಯೆ ವೈದ್ಯಕೀಯಕ್ಕೆ ಬಂದು ಸುಮಾರು ಐವತ್ತು ವರ್ಷವಷ್ಟೇ ಆಗಿದೆ. ಆ ವಿದ್ಯೆ ಎಲ್ಲಿ ಹುಟ್ಟಿತು, ಕರ್ನಾಟಕಕ್ಕೆ ಹೇಗೆ ಬಂತು, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಮನೆಬಾಗಿಲಿಗೆ ಎಷ್ಟು ಹತ್ತಿರ ಬಂದು ನಿಂತಿದೆ ಎಂದು ನೋಡುವುದು ಈ ಬರಹದ ಉದ್ದೇಶ.

ಮೊದಲು ಮಾತಿನ ವಿಷಯ. ನಮ್ಮ ಕಡೆ ಕ್ಯಾನ್ಸರ್ ಎಂಬ ಹೆಸರನ್ನು ಮನೆಯೊಳಗೆ ಬಾಯಿಬಿಟ್ಟು ಹೇಳುವುದು ಕಡಿಮೆ. 'ಗಡ್ಡೆ' ಅನ್ನುತ್ತಾರೆ, 'ಆ ಕಾಯಿಲೆ' ಅನ್ನುತ್ತಾರೆ. ವಿಕಿರಣ ಚಿಕಿತ್ಸೆಗೆ 'ಕರೆಂಟು ಕೊಡಿಸೋದು' ಎಂಬ ಮಾತಿದೆ. ವಾರಕ್ಕೆ ಐದು ದಿನದಂತೆ ಐದಾರು ವಾರ ಕರೆಂಟು ಕೊಡಿಸಿಕೊಂಡು ಬಂದವರಿಗೂ ತಮಗೇನಾಗಿದೆ ಎಂದು ಯಾರೂ ಹೇಳಿರುವುದಿಲ್ಲ. ವೈದ್ಯರ ಕೊಠಡಿಯ ಹೊರಗೆ ಮಗ ದನಿ ತಗ್ಗಿಸಿ, 'ನಮ್ಮಪ್ಪಂಗೆ ಹೇಳ್ಬೇಡಿ ಸಾ, ಗೊತ್ತಾದ್ರೆ ಅರ್ಧ ಪ್ರಾಣ ಅಲ್ಲೇ ಹೋಗ್ಬುಡ್ತದೆ' ಅನ್ನುತ್ತಾನೆ. ಒಳಗೆ ಅಪ್ಪ, 'ಹುಡುಗ ಹೆದರ್ಕತಾನೆ, ಅವನ ಮುಂದೆ ಏನೂ ಅನ್ಬೇಡಿ' ಅನ್ನುತ್ತಾರೆ. ಇಬ್ಬರಿಗೂ ಗೊತ್ತು. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಒಂಟಿಯಾಗುತ್ತಾರೆ.

ಇದನ್ನು ಹಳ್ಳಿಗರ ಅಜ್ಞಾನ ಎಂದು ತಳ್ಳಿಹಾಕುವವರು ಒಂದು ಸಂಗತಿ ತಿಳಿಯಬೇಕು. 1961ರಲ್ಲಿ ಅಮೆರಿಕದ ಷಿಕಾಗೋದ ಆಸ್ಪತ್ರೆಯೊಂದರ ವೈದ್ಯರನ್ನು ಕೇಳಿದಾಗ, ನೂರಕ್ಕೆ ತೊಂಬತ್ತು ಮಂದಿ ರೋಗಿಗೆ ಕ್ಯಾನ್ಸರ್ ಎಂದು ತಿಳಿಸುವುದಿಲ್ಲ ಎಂದರು. 1979ರಲ್ಲಿ ಅಂಥದೇ ಪ್ರಶ್ನೆಗೆ ಅಮೆರಿಕದ ಇನ್ನೊಂದು ಆಸ್ಪತ್ರೆಯ ನೂರಕ್ಕೆ ತೊಂಬತ್ತೇಳು ವೈದ್ಯರು ತಿಳಿಸುತ್ತೇವೆ ಎಂದರು. ಹದಿನೆಂಟೇ ವರ್ಷದಲ್ಲಿ ಹೀಗೆ ಪೂರ್ತಿ ಮಗ್ಗುಲು ಬದಲಾಯಿಸಲು ಚಿಕಿತ್ಸೆ ಸುಧಾರಿಸಿದ್ದು ಒಂದು ಕಾರಣ. ಮಾತಾಡಲು ಧೈರ್ಯ ಮಾಡಿದ ಕೆಲವರು ಇನ್ನೊಂದು ಕಾರಣ. ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ತೆರೆದು, ನೋವೆಂದರೆ ಮೈಯದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ನಂಬಿಕೆಯದು ಕೂಡ ಎಂದರು. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಸಾವಿನ ಹತ್ತಿರ ಇದ್ದವರ ಮಾತುಗಳನ್ನೇ ಪುಸ್ತಕ ಮಾಡಿದರು. ಜಿಮ್ಮಿ ಹಾಲೆಂಡ್ ಎಂಬ ಮನೋವೈದ್ಯೆ 1977ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಕಟ್ಟಿದರು. 1984ರಲ್ಲಿ ಈ ವಿಷಯಕ್ಕೆಂದೇ ಅಂತಾರಾಷ್ಟ್ರೀಯ ಸಂಘ ಹುಟ್ಟಿತು, 1989ರಲ್ಲಿ ಮೊದಲ ದೊಡ್ಡ ಪಠ್ಯಗ್ರಂಥ ಬಂತು. ಸೈಕೋ-ಆಂಕಾಲಜಿ, ಅಂದರೆ ಕ್ಯಾನ್ಸರ್ ಬಂದವರ ಮನಸ್ಸನ್ನು ನೋಡಿಕೊಳ್ಳುವ ಶಾಖೆ, ನಿಂತದ್ದು ಹೀಗೆ.

ನಮ್ಮಲ್ಲಿ ಕಥೆ ಶುರುವಾಗುವುದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ. 1973ರಲ್ಲಿ ಕಿದ್ವಾಯಿ ಗಂಥಿ ಸಂಸ್ಥೆ ಆರಂಭವಾಯಿತು. ಮರುವರ್ಷ, 1974ರಲ್ಲಿ, ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ ನಿಮ್ಹಾನ್ಸ್ ಆಯಿತು. ಕ್ಯಾನ್ಸರಿಗೊಂದು, ಮನಸ್ಸಿಗೊಂದು, ಎರಡೂ ಅಕ್ಕಪಕ್ಕ. ಈ ನೆರೆಹೊರೆ ಕರ್ನಾಟಕದ ಭಾಗ್ಯ ಎಂದೇ ನಾನು ತಿಳಿದಿದ್ದೇನೆ. ನಿಮ್ಹಾನ್ಸಿನ ಸಂತೋಷ್ ಚತುರ್ವೇದಿ, ಪ್ರಭಾ ಚಂದ್ರ ಮೊದಲಾದವರು ಕಿದ್ವಾಯಿಯ ರೋಗಿಗಳ ಜೊತೆ ಕೂತು ಆತಂಕ, ಖಿನ್ನತೆ, ಬದುಕಿನ ಗುಣಮಟ್ಟ, ರೋಗದ ಹೆಸರು ಹೇಳುವ ಬಗೆ ಇವನ್ನು ಅಧ್ಯಯನ ಮಾಡಿದರು. ಅವರ ಕೆಲಸದಿಂದ ಹೊಳೆಯುವ ಮುಖ್ಯ ವಿಷಯ ಇಷ್ಟು: ನಮ್ಮಲ್ಲಿ ರೋಗಿಯೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದರೆ ಕೆಲಸ ಅರ್ಧವೂ ಆಗುವುದಿಲ್ಲ. ಮೊದಲು ಮನೆಯವರ ಭಯ ಕೇಳಬೇಕು, ಆಮೇಲೆ ರೋಗಿಗೆ ಎಷ್ಟು ಗೊತ್ತಿದೆ, ಇನ್ನೆಷ್ಟು ತಿಳಿಯಬೇಕೆಂದಿದ್ದಾರೆ ಎಂದು ಅವರಿಂದಲೇ ತಿಳಿದು, ಮೆಟ್ಟಿಲು ಮೆಟ್ಟಿಲಾಗಿ ಹೇಳಬೇಕು.

ಮನೆಯವರನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವುದು ಭಾರತೀಯ ಮನೋವೈದ್ಯಕೀಯದ ಸ್ವಂತ ಗಳಿಕೆ. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಬಂಧುಗಳನ್ನು ಜೊತೆಗಿರಿಸಿದ್ದರು. ವೆಲ್ಲೂರು, ಬೆಂಗಳೂರು ಅದೇ ಹಾದಿ ಹಿಡಿದವು. ಕ್ಯಾನ್ಸರ್ ವಾರ್ಡಿನ ಹೊರಗೆ ಚಾಪೆ ಹಾಸಿ ಮಲಗುವ ಅಕ್ಕ, ಅತ್ತಿಗೆಯರು ಚಿಕಿತ್ಸೆಗೆ ಅಡ್ಡಿಯಲ್ಲ, ಆಸ್ತಿ ಎಂಬ ತಿಳಿವಳಿಕೆಗೆ ಇದೇ ಬೇರು.

ಕನ್ನಡದಲ್ಲಿ ಈ ವಿಷಯಕ್ಕೆ ಮಾತು ಸಿದ್ಧಮಾಡಿದವರನ್ನು ಇಲ್ಲಿ ನೆನೆಯಲೇಬೇಕು. 'ಕೊರವಂಜಿ' ನಡೆಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮನೋವೈದ್ಯಕೀಯದ ಪುಸ್ತಕಕ್ಕೆ ಅಂಥ ಮನ್ನಣೆ ಬಂದದ್ದು ಸಣ್ಣ ಮಾತಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ತಾವೇ ಕ್ಯಾನ್ಸರಿನೊಂದಿಗೆ ಬದುಕಿ 1991ರಲ್ಲಿ ತೀರಿಕೊಂಡರು. ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ನೂರಾರು ಪುಸ್ತಕಗಳಲ್ಲಿ ಖಿನ್ನತೆ, ಆತಂಕಗಳನ್ನು ಹಳ್ಳಿಯ ಓದುಗನಿಗೂ ತಿಳಿಯುವಂತೆ ಬರೆದರು, 'ಸಮಾಧಾನ' ಕೇಂದ್ರದಲ್ಲಿ ಸಾಮಾನ್ಯರನ್ನೇ ಆಪ್ತ ಸಮಾಲೋಚಕರಾಗಿ ತಯಾರು ಮಾಡಿದರು. 'ಆಪ್ತ ಸಮಾಲೋಚನೆ' ಎಷ್ಟು ಒಳ್ಳೆಯ ಪದ! ಸಲಹೆಯೊಳಗೆ ಆಪ್ತತೆ ಇರಲೇಬೇಕೆಂದು ಪದವೇ ಕೇಳುತ್ತದೆ.

ಇನ್ನು ಗುಣವಾಗದು ಎಂದಾದವರ ಆರೈಕೆ. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೀಸ್ ಟ್ರಸ್ಟಿನ 'ಕರುಣಾಶ್ರಯ' 1999ರಿಂದ ಕ್ಯಾನ್ಸರಿನ ಕೊನೆಯ ಹಂತದವರನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ನೋವು ಇಳಿಯದೆ ಮನಸ್ಸು ಮಾತು ಕೇಳುವುದಿಲ್ಲ. ಮಾರ್ಫಿನ್ ಸಿಗುವ ದಾರಿಯನ್ನು ಸರಾಗ ಮಾಡಿದ 2014ರ ಕಾನೂನು ತಿದ್ದುಪಡಿಯನ್ನೂ ಮನಸ್ಸಿನ ಆರೈಕೆಯ ಲೆಕ್ಕಕ್ಕೇ ಸೇರಿಸಬೇಕು.

ಅಂಗಾಂಗ ಕಸಿಯ ಕಥೆಯೇ ಬೇರೆ. ಇಲ್ಲಿ ಒಂದು ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ. ವೆಲ್ಲೂರಿನಲ್ಲಿ 1971ರಲ್ಲಿ ದೇಶದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆಯಿತು. 1994ರಲ್ಲಿ ಕಾನೂನು ಬಂದದ್ದು ಅಂಗಾಂಗಗಳ ಮಾರಾಟ ತಡೆಯಲು. 2011ರ ತಿದ್ದುಪಡಿ ಪ್ರತಿ ಕಸಿ ಆಸ್ಪತ್ರೆಯಲ್ಲೂ ಕಸಿ ಸಂಯೋಜಕರು ಇರಲೇಬೇಕೆಂದಿತು. ಮನೆಯವರ ಜೊತೆ ಕೂತು ಮಾತಾಡುವುದನ್ನೇ ಒಬ್ಬರ ಕೆಲಸವನ್ನಾಗಿಸಿದ ಈ ಒಂದು ಸಾಲು ನನ್ನ ದೃಷ್ಟಿಯಲ್ಲಿ ಇಡೀ ತಿದ್ದುಪಡಿಯ ಜೀವ.

ನಮ್ಮ ದೇಶದಲ್ಲಿ ಮೂತ್ರಪಿಂಡ ಕೊಡುವವರಲ್ಲಿ ಬಹುಪಾಲು ಮನೆಯವರೇ. ಅದರಲ್ಲೂ ಕೊಡುವವರು ಹೆಚ್ಚಾಗಿ ಹೆಂಗಸರು, ಪಡೆಯುವವರು ಹೆಚ್ಚಾಗಿ ಗಂಡಸರು. ತಾಯಿ ಮಗನಿಗೆ, ಹೆಂಡತಿ ಗಂಡನಿಗೆ ಕೊಡುತ್ತಾರೆ. ಆಕೆ ಒತ್ತಾಯವಿಲ್ಲದೆ ಒಪ್ಪಿದ್ದಾಳೆಯೇ ಎಂದು ಕಾನೂನು ಕೇಳುತ್ತದೆ. ಮನೋವೈದ್ಯರು ಆಕೆಯನ್ನು ಒಂಟಿಯಾಗಿ ಕೂರಿಸಿಕೊಂಡು ಮಾತಾಡಿಸುತ್ತಾರೆ. 'ನಾನು ಕೊಡ್ದೆ ಇನ್ಯಾರು ಕೊಡ್ತಾರೆ?' ಎಂಬ ಆಕೆಯ ಉತ್ತರದಲ್ಲಿ ಪ್ರೀತಿ ಎಷ್ಟು, ಬೇರೆ ದಾರಿಯಿಲ್ಲದಿರುವುದು ಎಷ್ಟು ಎಂದು ಅಳೆಯುವುದು ಕಷ್ಟದ ಕೆಲಸ. ಆಪರೇಷನ್ ಆದ ಮೇಲೆ ಊರಿನವರೆಲ್ಲ ಬಂದು ನೋಡುವುದು ಕಸಿ ಮಾಡಿಸಿಕೊಂಡವರನ್ನು. ಕೊಟ್ಟವಳು ಒಂದೆರಡು ತಿಂಗಳಲ್ಲಿ ಮತ್ತೆ ಒಲೆ ಮುಂದೆ, ಕೊಟ್ಟಿಗೆಯಲ್ಲಿ. ಪಡೆದವರಿಗೂ ನೆಮ್ಮದಿ ಸುಲಭವಲ್ಲ. ಬದುಕಿರುವವರೆಗೂ ಮಾತ್ರೆ ತಪ್ಪಿಸುವಂತಿಲ್ಲ. ಸ್ಟೀರಾಯ್ಡಿನಿಂದ ಮುಖ ಊದುತ್ತದೆ, ನಿದ್ದೆ ಕೆಡುತ್ತದೆ, ಸಿಟ್ಟು ಬರುತ್ತದೆ. ಸಣ್ಣ ಜ್ವರ ಬಂದರೂ 'ಕಿಡ್ನಿ ಹೋಯ್ತೇನೋ' ಎಂಬ ಅಂಜಿಕೆ. ಸಿಟ್ಟು ಮಾತ್ರೆಯದೂ ಇರಬಹುದು ಎಂದು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಮನೆಗಳ ಜಗಳ ತಪ್ಪುತ್ತದೆ.

ಮಿದುಳು ನಿಷ್ಕ್ರಿಯರಾದವರಿಂದ ಪಡೆಯುವ ಅಂಗಗಳ ಹಂಚಿಕೆಯನ್ನು ರಾಜ್ಯದಲ್ಲಿ 'ಜೀವಸಾರ್ಥಕತೆ' ನೋಡಿಕೊಳ್ಳುತ್ತದೆ. ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿದ ಮೇಲಷ್ಟೇ ಘೋಷಣೆ. ಎದೆ ಏರಿಳಿಯುತ್ತಿದೆ, ಕೈ ಬೆಚ್ಚಗಿದೆ, ಆದರೆ ಮಗ ಇಲ್ಲ ಎಂದು ತಾಯಿ ಒಪ್ಪಬೇಕಾದ ಆರು ಗಂಟೆ ಅದು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರ ಮನೆಯವರು ಅಂಥ ಗಳಿಗೆಯಲ್ಲಿ ಅಂಗದಾನಕ್ಕೆ ಒಪ್ಪಿದ್ದನ್ನು ನಾಡು ಕಂಡಿತು. ದಾನ ಕೊಟ್ಟ ಮನೆಯ ದುಃಖವನ್ನು ಆರು ತಿಂಗಳ ನಂತರ ಹೋಗಿ ಕೇಳುವ ವ್ಯವಸ್ಥೆ ಮಾತ್ರ ಇನ್ನೂ ಗಟ್ಟಿಯಾಗಬೇಕು.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ನಾಲ್ಕೂ ಒಂದೇ ತೆರನಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳಿಗೆ ಮೈಸೂರಿನ ಆಸ್ಪತ್ರೆಗಳು ಹತ್ತಿರ. ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬಹುದು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ. ಕೆ.ಆರ್. ಪೇಟೆಯ ಒಳಹಳ್ಳಿಗಳಿಗೆ ಎಲ್ಲವೂ ದೂರ. ಕಿದ್ವಾಯಿಯ ಉಪಕೇಂದ್ರ ಮಂಡ್ಯಕ್ಕೆ ಬಂದದ್ದು, ಸರ್ಕಾರಿ ಆರೋಗ್ಯ ಯೋಜನೆಗಳು ಕ್ಯಾನ್ಸರ್ ಚಿಕಿತ್ಸೆಯ ಖರ್ಚು ಹೊತ್ತದ್ದು, ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಸಿಗುವಂತಾದದ್ದು ಮೈಯ ಚಿಕಿತ್ಸೆಯನ್ನು ಊರ ಹತ್ತಿರ ತಂದವು. ಮನಸ್ಸಿನ ಆರೈಕೆ ಅಷ್ಟೇ ವೇಗದಲ್ಲಿ ಹಿಂಬಾಲಿಸಲಿಲ್ಲ.

ಹಾಗೆಂದು ಏನೂ ಇಲ್ಲವೆಂದಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದಲೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. 2014ರ 'ಮನೋಚೈತನ್ಯ' ಕಾರ್ಯಕ್ರಮ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದಿತು. ಆದರೆ ಆ ಮಂಗಳವಾರದ ಸಾಲಿನಲ್ಲಿ ಕ್ಯಾನ್ಸರ್ ರೋಗಿಯ ಹೆಂಡತಿ ನಿಲ್ಲುವುದಿಲ್ಲ. ತನಗೆ ಆಗುತ್ತಿರುವುದು ಕಾಯಿಲೆ ಎಂದು ಆಕೆ ತಿಳಿದಿಲ್ಲ. 'ಯೋಚ್ನೆ ಜಾಸ್ತಿಯಾಗದೆ' ಅನ್ನುತ್ತಾಳೆ, ಅಷ್ಟೇ. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ಸುದ್ದಿಯಾದಾಗ ಸಾಲದ ಮಾತು ಬಂತು, ಬೆಲೆಯ ಮಾತು ಬಂತು, ಬರಲೇಬೇಕಿತ್ತು. ಸಾಲದ ಹಿಂದೆ ಎಷ್ಟೋ ಸಲ ನಿಂತಿರುವ ಆಸ್ಪತ್ರೆಯ ಮಾತು ಅಷ್ಟು ಬರಲಿಲ್ಲ. ದೇಶದ ಅಪರಾಧ ದಾಖಲೆ ವಿಭಾಗದ 2021ರ ವರದಿಯಲ್ಲಿ ಆತ್ಮಹತ್ಯೆಗೆ ಕೌಟುಂಬಿಕ ಸಮಸ್ಯೆಯ ನಂತರದ ದೊಡ್ಡ ಕಾರಣ ಅನಾರೋಗ್ಯ: ಶೇ. 18.6.

ದುಃಖಕ್ಕೆ ನಮ್ಮ ಸೀಮೆಯಲ್ಲಿ ಸ್ವಂತ ದಾರಿಗಳೂ ಇವೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು ಮುಳುಗೆದ್ದು ಬಂದವರು ಮೆಟ್ಟಿಲ ಮೇಲೆ ಒದ್ದೆ ಬಟ್ಟೆಯಲ್ಲೇ ಸುಮ್ಮನೆ ಕೂತಿರುವುದನ್ನು ನೋಡಿದ್ದೇನೆ. ತಿಂಗಳುಗಟ್ಟಲೆ ಆಸ್ಪತ್ರೆ ಓಡಾಡಿದ ಮನೆಯವರು ಮೊದಲ ಸಲ ಬಿಡುವಾಗಿ ಅಳುವ ಜಾಗ ಅದು. ಹನ್ನೊಂದನೇ ದಿನ, ತಿಥಿ, ಅಲ್ಲಿಯವರೆಗೆ ನೆಂಟರಿದ್ದಾರೆ. ಆಮೇಲೆ ಮನೆ ಖಾಲಿ. ವೃತ್ತಿಯ ಸಮಾಲೋಚಕರು ಬೇಕಾಗುವುದು ಆ ಖಾಲಿಯಲ್ಲಿ.

ಅಳತೆಗೂ ನಮ್ಮದೇ ಭಾಷೆ ಇದೆ. ಪಾಶ್ಚಾತ್ಯರು ಸಂಕಟ ಅಳೆಯಲು ಥರ್ಮಾಮೀಟರಿನ ಚಿತ್ರ ತೋರಿಸಿ ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳುತ್ತಾರೆ. ನಾಲ್ಕು ಮುಟ್ಟಿದರೆ ಇನ್ನಷ್ಟು ವಿಚಾರಿಸಿ, ಬೇಕಾದರೆ ತಜ್ಞರಿಗೆ ಕಳಿಸುತ್ತಾರೆ. ನಾಗಮಂಗಲದ ಅಜ್ಜಿಗೆ ಆ ಚಿತ್ರ ಬೇಡ. 'ಈಗೆಂಗಿದೆಯವ್ವ?' ಎಂದರೆ 'ರೂಪಾಯ್ಗೆ ನಾಕಾಣೆ ವಾಸಿ' ಎಂದು ತಾನೇ ಲೆಕ್ಕ ಕೊಡುತ್ತಾಳೆ. ಮನಸ್ಸಿನ ಬಗ್ಗೆಯೂ ಹಾಗೇ ಕೇಳಲು ಆಶಾ ಕಾರ್ಯಕರ್ತೆಗೆ ಅರ್ಧ ದಿನದ ತರಬೇತಿ ಸಾಕು.

ಈ ತಾಲ್ಲೂಕುಗಳಿಗೆ ಹೊಸ ಕಟ್ಟಡ ಬೇಕಿಲ್ಲ. ಒಂದು ಸಲದ ಡಯಾಲಿಸಿಸ್ ಸುಮಾರು ನಾಲ್ಕು ಗಂಟೆ. ವಾರಕ್ಕೆ ಎರಡು ಮೂರು ಸಲ ರೋಗಿ ಮಂಚದ ಮೇಲೆ, ಜೊತೆಗೆ ಬಂದವರು ಹೊರಗಿನ ಬೆಂಚಿನ ಮೇಲೆ. ತಾಲ್ಲೂಕು ಆಸ್ಪತ್ರೆಯ ಆಪ್ತ ಸಮಾಲೋಚಕರು ಆ ಬೆಂಚಿಗೆ ಬಂದು ಕೂರಲಿ. ತಿಂಗಳಿಗೊಂದು ಮಂಗಳವಾರವನ್ನು ಕ್ಯಾನ್ಸರ್ ಮತ್ತು ಕಸಿಯ ಮನೆಗಳಿಗೆಂದೇ ಮೀಸಲಿಟ್ಟು, ಆಶಾ ಕಾರ್ಯಕರ್ತೆಯರ ಮೂಲಕ ಹೇಳಿ ಕಳಿಸಲಿ. ಜಿಲ್ಲೆಯ ಆರೋಗ್ಯಾಧಿಕಾರಿಗಳಲ್ಲಿ ಕೇಳುವುದು ಇಷ್ಟೇ.

ಅಲ್ಲಿಯವರೆಗೆ ಒಂದು ನಂಬರು ಕೈಯಲ್ಲಿರಲಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ, ಜೊತೆಗೆ ಬಂದವರೂ ಮಾಡಬಹುದು.