ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ: ಮನೆಯವರೆಲ್ಲ ತಿಳಿದಿರಬೇಕಾದದ್ದು

ಹೃದಯದ ಕವಾಟ ಬದಲಿಸಿಕೊಂಡವರು, ಹೃದಯ ಬಡಿತದ ಲಯ ತಪ್ಪಿದವರು, ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು ಈ ಮಾತ್ರೆ ತೆಗೆದುಕೊಳ್ಳುತ್ತಾರೆ. ನಮ್ಮ ಗಡಿ ಊರುಗಳಲ್ಲಿ ಒಂದು ಹೆಚ್ಚಿನ ತೊಡಕಿದೆ. ಕಾಸರಗೋಡಿನವರು ಮಂಗಳೂರಿನಲ್ಲಿ, ರಾಯದುರ್ಗದವರು ಬಳ್ಳಾರಿಯಲ್ಲಿ, ಅಕ್ಕಲಕೋಟೆಯವರು ಸೊಲ್ಲಾಪುರದಲ್ಲಿ ದೊಡ್ಡ ಡಾಕ್ಟರಿಗೆ ತೋರಿಸುತ್ತಾರೆ. ಜ್ವರ, ಹಲ್ಲುನೋವು ಬಂದರೆ ಊರಿನ ಡಾಕ್ಟರ ಬಳಿ ಹೋಗುತ್ತಾರೆ. ಒಬ್ಬರು ಬರೆದ ಔಷಧ ಇನ್ನೊಬ್ಬರಿಗೆ ತಿಳಿಯದೇ ಹೋದರೆ ಅಪಾಯ.

ಮಾತ್ರೆ ಮಾಡುವ ಕೆಲಸ

ರಕ್ತ ತೆಳು ಮಾಡುವ ಮಾತ್ರೆ ಎಂದು ಕರೆದರೂ ಇದು ರಕ್ತವನ್ನು ನೀರಾಗಿಸುವುದಿಲ್ಲ, ಹೆಪ್ಪುಗಟ್ಟುವುದನ್ನು ನಿಧಾನಗೊಳಿಸುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವವು ವಾರ್ಫರಿನ್ ಮತ್ತು ಅಸೆನೊಕೌಮರಾಲ್ (ಅಸಿಟ್ರಾಮ್ ಎಂಬ ಹೆಸರಿನಲ್ಲಿ ಸಿಗುವುದು ಇದೇ). ವಾರ್ಫರಿನ್ 1948ರಲ್ಲಿ ಅಮೆರಿಕದಲ್ಲಿ ಇಲಿ ಪಾಷಾಣವಾಗಿ ಬಂದು, 1954ರಲ್ಲಿ ಮನುಷ್ಯರ ಬಳಕೆಗೆ ಒಪ್ಪಿಗೆ ಪಡೆಯಿತು. ಅಳತೆಯಲ್ಲಿದ್ದರೆ ಜೀವ ಕಾಯುತ್ತದೆ, ಅಳತೆ ಮೀರಿದರೆ ರಕ್ತಸ್ರಾವವಾಗುತ್ತದೆ.

ಐಎನ್‌ಆರ್ ಪರೀಕ್ಷೆ

ಆ ಅಳತೆಯನ್ನು ತಿಳಿಸುವುದೇ ಐಎನ್‌ಆರ್ ಎಂಬ ರಕ್ತ ಪರೀಕ್ಷೆ. ಮಾತ್ರೆ ತೆಗೆದುಕೊಳ್ಳದ ಆರೋಗ್ಯವಂತರಲ್ಲಿ ಇದು ಸುಮಾರು 1 ಇರುತ್ತದೆ. ಮಾತ್ರೆ ತೆಗೆದುಕೊಳ್ಳುವ ಹೆಚ್ಚಿನವರಲ್ಲಿ 2ರಿಂದ 3ರ ನಡುವೆ ಇರಬೇಕು. ಕೆಲವು ಕೃತಕ ಕವಾಟಗಳಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ನಿಮ್ಮ ಗುರಿ ಎಷ್ಟೆಂದು ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಮೈ ಚೆನ್ನಾಗಿದೆ ಎಂದು ಪರೀಕ್ಷೆ ಬಿಡಬಾರದು; ಐಎನ್‌ಆರ್ ಏರಿದ್ದು ಮೈಗೆ ಗೊತ್ತಾಗುವುದಿಲ್ಲ.

ದಿನನಿತ್ಯದ ಕ್ರಮ

ಪ್ರತಿದಿನ ಒಂದೇ ಹೊತ್ತಿಗೆ ತೆಗೆದುಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ಮಾತ್ರೆಯ ಬಣ್ಣ ನೋಡಿ ಕೊಳ್ಳದೆ, ಪಟ್ಟಿಯ ಮೇಲಿನ ಹೆಸರು ಮತ್ತು ಮಿಲಿಗ್ರಾಂ ಓದಿ. 1 ಮಿಲಿಗ್ರಾಂ ಬದಲು 4 ಬಂದರೆ ನಾಲ್ಕು ಪಟ್ಟಾಯಿತು. ಮರೆತದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಬಹುದು. ಮರುದಿನ ನೆನಪಾದರೆ ಎರಡು ಸೇರಿಸಿ ನುಂಗಬೇಡಿ; ಆ ದಿನದ್ದನ್ನಷ್ಟೇ ತೆಗೆದುಕೊಂಡು, ತಪ್ಪಿದ ದಿನವನ್ನು ಬರೆದಿಡಿ.

ಊಟ

ಬಸಳೆ, ಹರಿವೆ, ಪಾಲಕ್, ನುಗ್ಗೆಸೊಪ್ಪುಗಳಲ್ಲಿ ವಿಟಮಿನ್ ಕೆ ಇದೆ. ಅದು ಈ ಹಳೆಯ ಮಾತ್ರೆಗಳ ಬಲ ಕುಗ್ಗಿಸುತ್ತದೆ. ಹಾಗೆಂದು ಸೊಪ್ಪು ಬಿಡಬೇಕಾಗಿಲ್ಲ. ಒಂದು ವಾರ ಬಿಟ್ಟು ಇನ್ನೊಂದು ವಾರ ದಿನವೂ ತಿನ್ನುವುದೇ ತೊಂದರೆ, ಎಂದಿನಷ್ಟೇ ತಿನ್ನುತ್ತಿರಿ. ಮದ್ಯಪಾನ ಬೇಡ.

ಬೇರೆ ಔಷಧಗಳು

ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಅನ್ನು ಸ್ವತಃ ಕೊಂಡು ನುಂಗಬೇಡಿ. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹೊಟ್ಟೆ ಕೆಟ್ಟಾಗ ಕೊಡುವ ಮೆಟ್ರೊನಿಡಜೋಲ್, ಫಂಗಸ್ ಸೋಂಕಿನ ಫ್ಲುಕೊನಜೋಲ್ ಐಎನ್‌ಆರ್ ಏರಿಸುತ್ತವೆ; ಕ್ಷಯದ ರಿಫಾಂಪಿಸಿನ್ ಇಳಿಸುತ್ತದೆ. ನಾಟಿ ಔಷಧ, ಆಯುರ್ವೇದದ ಗುಳಿಗೆಗೂ ಮೊದಲು ಡಾಕ್ಟರನ್ನು ಕೇಳಿ. ಹಲ್ಲು ಕೀಳಿಸುವ ಮುನ್ನ, ಇಂಜೆಕ್ಷನ್ ಹಾಕಿಸಿಕೊಳ್ಳುವ ಮುನ್ನ ಈ ಮಾತ್ರೆಯ ವಿಷಯ ಹೇಳಲೇಬೇಕು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಕವಾಟದಲ್ಲಿ ಹೆಪ್ಪುಗಟ್ಟಬಹುದು, ಪಾರ್ಶ್ವವಾಯು ಬಡಿಯಬಹುದು. ಗರ್ಭ ಧರಿಸುವ ಯೋಚನೆಯಿರುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರಿಗೆ ತಿಳಿಸಬೇಕು. ವಾರ್ಫರಿನ್ ಭ್ರೂಣಕ್ಕೆ ಹಾನಿ ಮಾಡಬಲ್ಲದು.

ಹೊಸ ಮಾತ್ರೆಗಳು

ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್‌ಗಳಿಗೆ ಪದೇ ಪದೇ ಐಎನ್‌ಆರ್ ಬೇಕಿಲ್ಲ. ಮೂತ್ರಪಿಂಡದ ಪರೀಕ್ಷೆ ಮಾತ್ರ ಆಗಾಗ ಬೇಕು. ಇವುಗಳ ಪರಿಣಾಮ ಬೇಗ ಇಳಿಯುವುದರಿಂದ ಹೊತ್ತು ತಪ್ಪಿಸಬಾರದು. ಲೋಹದ ಕೃತಕ ಕವಾಟ ಇರುವವರಿಗೆ ಇವು ಸಲ್ಲವು. ನೆರೆಮನೆಯವರು ಬದಲಿಸಿದರೆಂದು ನೀವೂ ಬದಲಿಸಬೇಡಿ.

ತಕ್ಷಣ ಆಸ್ಪತ್ರೆಗೆ

ಮಲ ಟಾರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ, ಹಠಾತ್ತನೆ ತೀವ್ರ ತಲೆನೋವು ಬಂದರೆ, ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ಕಾಯಬೇಡಿ. ಬಿದ್ದು ತಲೆಗೆ ಪೆಟ್ಟಾದರೆ ಹೊರಗೆ ಗಾಯ ಕಾಣದಿದ್ದರೂ ಹೋಗಲೇಬೇಕು. ನಮ್ಮ ಸದಸ್ಯರಿರುವ ಎಲ್ಲ ರಾಜ್ಯಗಳಲ್ಲೂ ಆಂಬುಲೆನ್ಸಿಗೆ 108.

ಜೊತೆಯಲ್ಲಿರಬೇಕಾದ ಪುಸ್ತಕ

ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಮಾತ್ರೆಯ ಹೆಸರು, ಮಿಲಿಗ್ರಾಂ, ಏಕೆ ಕೊಟ್ಟಿದ್ದಾರೆ, ಐಎನ್‌ಆರ್ ಗುರಿ, ಪರೀಕ್ಷೆಯ ದಿನಾಂಕ ಮತ್ತು ಫಲಿತಾಂಶ, ಬರೆದುಕೊಟ್ಟ ಡಾಕ್ಟರ ಫೋನ್, ಇಷ್ಟನ್ನೂ ಬರೆದಿಡಿ. ನಮ್ಮಲ್ಲಿ ಚೀಟಿ ಒಂದು ಭಾಷೆಯಲ್ಲಿದ್ದರೆ ಓದುವವರು ಇನ್ನೊಂದು ಭಾಷೆಯವರು. ಆದ್ದರಿಂದ ಇದನ್ನು ಇಂಗ್ಲಿಷಿನಲ್ಲೂ ಬರೆಸಿ, ಪಂಢರಪುರಕ್ಕೆ ಹೋದರೂ ಮದುವೆಗೆ ಹೋದರೂ ಜೊತೆಗಿರಲಿ. ಬರೆಯಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಬರೆದುಕೊಡಬೇಕೆಂದು ಕೋರುತ್ತೇವೆ. ಪ್ರಮಾಣವನ್ನು ನಿರ್ಧರಿಸಬೇಕಾದವರು ಮಾತ್ರ ನಿಮ್ಮ ಡಾಕ್ಟರೇ.