ಅಥಣಿಯ ಕಣ್ಣೀರು, ಬೆತ್ಲೆಹೇಮಿನ ಹಾದಿ



ಕ್ರಿಸ್ತಜಯಂತಿ ಸಮೀಪಿಸಿತೆಂದರೆ ನಮ್ಮ ಮನಸ್ಸು ಬೆತ್ಲೆಹೇಮಿನತ್ತ ಹೊರಳುತ್ತದೆ. ಈ ಬಾರಿ ಅಲ್ಲಿಗೆ ಹೋಗುವ ಮುನ್ನ ನಮ್ಮದೇ ಸೀಮೆಯ ಅಥಣಿಯಲ್ಲಿ ಕೊಂಚ ಹೊತ್ತು ನಿಲ್ಲೋಣ. ಸುಮಾರು ಮೂರೂವರೆ ಶತಮಾನಗಳ ಹಿಂದೆ, ಇಂಥದೇ ಚಳಿಗಾಲದಲ್ಲಿ, ಅಲ್ಲಿ ನಡೆದ ಒಂದು ಘಟನೆ ನಮ್ಮ ಧ್ಯಾನಕ್ಕೆ ಯೋಗ್ಯವಾಗಿದೆ.

17ನೆಯ ಶತಮಾನದಲ್ಲಿ ಅಥಣಿಯು ಬಿಜಾಪುರದ ಆದಿಲ್‌ಶಾಹಿ ರಾಜ್ಯಕ್ಕೆ ಸೇರಿದ ದೊಡ್ಡ ವ್ಯಾಪಾರದ ಪೇಟೆಯಾಗಿತ್ತು. ಬಿಜಾಪುರಕ್ಕೂ ಗೋವೆಗೂ ನಡುವಿನ ಸರಕು ಇಲ್ಲಿ ಕೈ ಬದಲಾಯಿಸುತ್ತಿತ್ತು. 1679ರಲ್ಲಿ ಮೊಘಲ್ ಸೇನಾನಿ ದಿಲೇರ್ ಖಾನನು ಬಿಜಾಪುರವನ್ನು ಗೆಲ್ಲಲಾರದೆ ಪಶ್ಚಿಮಕ್ಕೆ ತಿರುಗಿದನು. ದಾರಿಯಲ್ಲಿ ತಿಕೋಟಾ ಲೂಟಿಯಾಯಿತು. ಸೈನಿಕರ ಕೈಗೆ ಸಿಕ್ಕಬಾರದೆಂದು ಅಲ್ಲಿನ ತಾಯಂದಿರು ಮಕ್ಕಳೊಡನೆ ಬಾವಿಗೆ ಹಾರಿದರೆಂದು ಇತಿಹಾಸ ಹೇಳುತ್ತದೆ. ಮುಂದಿನ ಸರದಿ ಅಥಣಿಯದು. ಪೇಟೆ ಸುಟ್ಟುಹೋಯಿತು. ಸೆರೆಸಿಕ್ಕ ನಿವಾಸಿಗಳನ್ನು ಗುಲಾಮರನ್ನಾಗಿ ಮಾರಲು ದಿಲೇರ್ ಖಾನನು ನಿರ್ಧರಿಸಿದನು.

ಗುಲಾಮರ ಸಂತೆಯಲ್ಲಿ ಕುಟುಂಬವೆಂಬುದಿಲ್ಲ. ಗಂಡನು ಒಬ್ಬನ ಪಾಲು, ಹೆಂಡತಿ ಇನ್ನೊಬ್ಬನ ಪಾಲು, ಕೂಸು ಮತ್ತೊಬ್ಬನ ಪಾಲು. ಆ ಅಥಣಿಯವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಆದರೆ ಅವರ ಕಣ್ಣೀರನ್ನು ಕಂಡವನೊಬ್ಬನು ಆ ಪಾಳೆಯದಲ್ಲಿದ್ದನು. ಆತನೇ ಶಿವಾಜಿ ಮಹಾರಾಜರ ಹಿರಿಯ ಮಗ ಸಂಭಾಜಿ.

ಶಿವಾಜಿಯ ಮಗ ಮೊಘಲರ ಪಾಳೆಯದಲ್ಲಿದ್ದುದೇಕೆ? 1657ರಲ್ಲಿ ಹುಟ್ಟಿದ ಸಂಭಾಜಿ ಎರಡು ವರ್ಷದ ಕೂಸಾಗಿದ್ದಾಗಲೇ ತಾಯಿ ಸಯೀಬಾಯಿಯನ್ನು ಕಳೆದುಕೊಂಡನು. ಸಾಕಿ ಬೆಳೆಸಿದ ಅಜ್ಜಿ ಜೀಜಾಬಾಯಿ 1674ರಲ್ಲಿ, ಶಿವಾಜಿಯ ಪಟ್ಟಾಭಿಷೇಕವಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಬಳಿಕ ಅರಮನೆಯಲ್ಲಿ ಉತ್ತರಾಧಿಕಾರದ ಪಿಸುಮಾತು, ಮಲತಾಯಿಯ ಮಗನ ಪ್ರಶ್ನೆ, ತಂದೆಯ ಅಸಮಾಧಾನ ಒಂದರ ಮೇಲೊಂದು ಬೆಳೆದವು. 1678ರ ಡಿಸೆಂಬರಿನಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಮಗನು ತಂದೆಯ ವೈರಿಯನ್ನು ಸೇರಿಕೊಂಡನು.

ಅಥಣಿಯಲ್ಲಿ ಜನರನ್ನು ಮಾರುವುದನ್ನು ಸಂಭಾಜಿ ವಿರೋಧಿಸಿದನು. ಅವನ ಮಾತು ನಡೆಯಲಿಲ್ಲ. ನವೆಂಬರಿನ ಒಂದು ರಾತ್ರಿ, ಗಂಡುವೇಷ ಧರಿಸಿದ ಪತ್ನಿ ಯೇಸುಬಾಯಿ ಮತ್ತು ಕೆಲವೇ ಸವಾರರೊಡನೆ ಪಾಳೆಯದಿಂದ ಹೊರಬಿದ್ದನು. ಮೊದಲು ಬಿಜಾಪುರ ಸೇರಿ, ಅಲ್ಲಿಂದ ಚಿಕ್ಕೋಡಿ, ನಿಪ್ಪಾಣಿಗಳ ಆಚೆಗಿರುವ ಪನ್ಹಾಳ ಕೋಟೆಗೆ ಡಿಸೆಂಬರ್ ಆರಂಭದಲ್ಲಿ ತಲುಪಿದನು. ಔರಂಗಜೇಬನು ತನ್ನನ್ನು ಸೆರೆಹಿಡಿಸುವನೆಂಬ ಭಯವೂ ಅವನಿಗಿತ್ತು ಎನ್ನುವವರಿದ್ದಾರೆ. ಇರಬಹುದು, ಮನುಷ್ಯನ ಪರಿವರ್ತನೆಯಲ್ಲಿ ಭಯವೂ ಕರುಣೆಯೂ ಬೆರೆತಿರುತ್ತವೆ. ತಂದೆಯು ಪನ್ಹಾಳದಲ್ಲಿ ಮಗನನ್ನು ಕಂಡು ಬುದ್ಧಿ ಹೇಳಿದರು. ಹಳೆಯ ಗಾಯ ಪೂರ್ತಿ ಮಾಯಲಿಲ್ಲ. ಮಗನ ಮೇಲೆ ಕಣ್ಗಾವಲು ಉಳಿಯಿತು. ಆದರೂ ಅವನು ಶತ್ರುವಿನ ಡೇರೆಯಲ್ಲಿರಲಿಲ್ಲ, ತಂದೆಯ ಕೋಟೆಯಲ್ಲಿದ್ದನು. 1680ರ ಏಪ್ರಿಲ್ 3ರಂದು ಶಿವಾಜಿ ಮಹಾರಾಜರು ರಾಯಗಡದಲ್ಲಿ ನಿಧನರಾದರು. ಹಿರಿಯ ಮಗ ಆಗ ಪನ್ಹಾಳದಲ್ಲೇ ಇದ್ದನು. ಒಂದಾಗಲು ಅವರಿಗೆ ದೊರೆತದ್ದು ಕೆಲವೇ ತಿಂಗಳು.

ಓದುಗರೇ, ಪ್ರಭು ಯೇಸು ಹೇಳಿದ ದುಂದುಗಾರ ಮಗನ ಸಾಮತಿ ನಿಮಗೆ ನೆನಪಾಗದಿರದು. ಆ ಮಗನನ್ನು ಮನೆಯತ್ತ ತಿರುಗಿಸಿದ್ದು ತನ್ನ ಹೊಟ್ಟೆಯ ಹಸಿವು. ಸಂಭಾಜಿಯನ್ನು ತಟ್ಟಿದ್ದು ಪರರ ಗೋಳು. ಬೇರೆಯವರ ಮನೆಗಳು ಒಡೆಯುವುದನ್ನು ಕಂಡಾಗ ತಾನು ಒಡೆದುಬಂದ ಮನೆ ಅವನಿಗೆ ನೆನಪಾಗಿರಬೇಕು.

ಈಗ ಬೆತ್ಲೆಹೇಮಿಗೆ ಹೋಗೋಣ. ಔಗುಸ್ತ ಚಕ್ರವರ್ತಿಯು ಜನಗಣತಿಗೆ ಆಜ್ಞೆಯಿತ್ತನೆಂದು ಸಂತ ಲೂಕರು ತಿಳಿಸುತ್ತಾರೆ. ಅರಸರು ಜನರನ್ನು ಎಣಿಸುವುದು ಕಂದಾಯಕ್ಕಾಗಿ. ದಿಲೇರ್ ಖಾನನ ಪಾಳೆಯದಲ್ಲಿ ಎಣಿಸಿದ್ದು ಬೆಲೆಗಾಗಿ. ದೇವರಾದರೋ ಎಣಿಸುವವರ ಸಾಲಿನಲ್ಲಿ ಕೂರದೆ, ಎಣಿಸಲ್ಪಡುವವರ ನಡುವೆ ಕೂಸಾಗಿ ಬಂದರು. ಛತ್ರದಲ್ಲಿ ಸ್ಥಳ ಸಿಗದ ಕುಟುಂಬ, ಹೆರೋದನ ಕತ್ತಿಗೆ ಹೆದರಿ ರಾತ್ರೋರಾತ್ರಿ ಈಜಿಪ್ಟಿಗೆ ಹೊರಟ ಕುಟುಂಬ ಅವರದಾಯಿತು. ಜೋಸೆಫರ ದುಡಿಮೆ, ಮಾತೆ ಮರಿಯಳ ಮಡಿಲು ಇವೇ ಲೋಕರಕ್ಷಕನಿಗೆ ದೊರೆತ ಮೊದಲ ದೇವಾಲಯ. ಕುಟುಂಬದ ಪ್ರೀತಿಯನ್ನು ದೇವರು ಅಷ್ಟು ಪವಿತ್ರವೆಂದು ಬಗೆದರು.

ಇಂದು ಗುಲಾಮರ ಸಂತೆಯಿಲ್ಲ, ನಿಜ. ಆದರೆ ನಾವು ಗೋದಲಿ ಕಟ್ಟುವ ದಿನಗಳಲ್ಲೇ ರಾಯಬಾಗ, ಅಥಣಿ, ಕಾಗವಾಡದ ಹೊಲಗಳಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಬೀಡುಬಿಟ್ಟಿರುತ್ತವೆ. ಊರು ಬಿಟ್ಟು ಬಂದ ಆ ತಾಯಂದಿರು ಕಬ್ಬಿನ ರವದಿ ಹೊದಿಸಿದ ಜೋಪಡಿಗಳಲ್ಲಿ ಕೂಸುಗಳನ್ನು ಮಲಗಿಸುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿದಾಗ ಈ ತಾಲೂಕುಗಳ ಎಷ್ಟೋ ಕುಟುಂಬಗಳು ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದವು. ಬಾಲಯೇಸುವನ್ನು ಹುಡುಕುವವರಿಗೆ ವಿಳಾಸ ದೂರವಿಲ್ಲ.

ಇನ್ನೂ ಹತ್ತಿರದ ವಿಳಾಸವೊಂದಿದೆ. ಹೊಲದ ಬದುವಿಗಾಗಿ, ಮನೆಯ ಪಾಲಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಧರ್ಮಕೇಂದ್ರಗಳಲ್ಲಿಲ್ಲವೇ? ಒಂದೇ ಬಲಿಪೂಜೆಗೆ ಬಂದು ಬೇರೆ ಬೇರೆ ಬಾಗಿಲಿನಿಂದ ಹೊರಡುವವರಿಲ್ಲವೇ? ಗಾಯ ಪೂರ್ತಿ ಮಾಯಲಿ, ಆಮೇಲೆ ಹೋಗೋಣವೆಂದು ಕಾಯಬೇಡಿ. ಪನ್ಹಾಳದ ತಂದೆ ಮಗನಿಗೆ ಉಳಿದಿದ್ದ ಕಾಲವೆಷ್ಟೆಂದು ಅವರಿಗೇ ತಿಳಿದಿರಲಿಲ್ಲ, ನಮಗೂ ತಿಳಿದಿಲ್ಲ.

ಈ ಆಗಮನ ಕಾಲದಲ್ಲಿ ನಕ್ಷತ್ರದ ದೀಪ ತೂಗುಹಾಕುವ ಮೊದಲು ಒಮ್ಮೆ ಆ ಬಾಗಿಲನ್ನು ತಟ್ಟಿರಿ. ದೇವರೇ ಮೊದಲು ನಮ್ಮ ಬಾಗಿಲಿಗೆ ಬಂದರೆಂಬುದೇ ಕ್ರಿಸ್ತಜಯಂತಿಯ ವಿಶ್ವಾಸ. ಬಾಲಯೇಸು ನಿಮ್ಮ ಕುಟುಂಬಗಳನ್ನು ಆಶೀರ್ವದಿಸಲಿ.